ಯುದ್ಧದಲ್ಲಿ ಉಳಿದ ಸರೋವರ, ಕಾಲುವೆಯಲ್ಲಿ ಹೋದ ಮೀನು

ಅಮೆರಿಕದಲ್ಲಿ ರಜೆ ಸಿಕ್ಕರೆ ಸಾಕು, ಕಾಡು-ಹೊಳೆ ಎಂದು ಹೊರಟುಬಿಡುವವರು ಬಹಳ ಮಂದಿ. ಅವರಲ್ಲಿ ಹಲವರಿಗೆ ಎರಡು ಹವ್ಯಾಸ ಜೊತೆಜೊತೆಗೆ ಇರುತ್ತವೆ. ಹಗಲು ಹೊಳೆಗಿಳಿದು ಫ್ಲೈ ಫಿಶಿಂಗ್. ರಾತ್ರಿ ದೀಪ ಹಚ್ಚಿಕೊಂಡು ಫ್ರಾಂಟಿಯರ್ ಕಾಲದ ಇತಿಹಾಸದ ಪುಸ್ತಕ. ಫ್ರಾಂಟಿಯರ್ ಎಂದರೆ, ಬಿಳಿಯರು ಪೂರ್ವದಿಂದ ಪಶ್ಚಿಮಕ್ಕೆ ಊರು ಕಟ್ಟುತ್ತಾ ಹೋದ ಹಾಗೆ ದಿನದಿನಕ್ಕೂ ಮುಂದೆ ಸರಿಯುತ್ತಿದ್ದ ಅಂಚು. ಆ ಅಂಚಿನ ಆಚೆ ಇದ್ದದ್ದು ಖಾಲಿ ನೆಲವಲ್ಲ, ಬೇರೆಯವರ ಊರು.

ಈ ಎರಡು ಹವ್ಯಾಸಗಳು ಒಂದೇ ಕಡೆ ಬಂದು ಸೇರುವ ಜಾಗವೊಂದಿದೆ. ನೆವಾಡಾ ರಾಜ್ಯದ ಪಿರಮಿಡ್ ಸರೋವರ. ಅಲ್ಲಿನ ಒಂದು ಮೀನಿನ ಕಥೆ ಹಿಡಿದು ಹೊರಟರೆ ನೂರೆಂಬತ್ತು ವರ್ಷದ ಚರಿತ್ರೆ ಸಿಗುತ್ತದೆ. ನಾಲೆ ನೀರು ನಂಬಿ ಬದುಕುವ ನಮ್ಮ ಓದುಗರಿಗೆ ಇದು ಬೇಗ ಅರ್ಥವಾಗುತ್ತದೆ ಎಂದು ನಾವು ಇದನ್ನು ಬರೆಯುತ್ತಿದ್ದೇವೆ.

ಗಾಳಕ್ಕೆ ಹುಳ ಇಲ್ಲ

ಮೊದಲು ಫ್ಲೈ ಫಿಶಿಂಗ್ ಎಂದರೇನು ನೋಡೋಣ. ನಾವು ಗಾಳಕ್ಕೆ ಎರೆಹುಳ ಸಿಕ್ಕಿಸುತ್ತೇವೆ, ಇಲ್ಲವೇ ಹಿಟ್ಟಿನ ಉಂಡೆ. ಇಲ್ಲಿ ಹಾಗಲ್ಲ. ಹಕ್ಕಿಯ ಪುಕ್ಕ, ಪ್ರಾಣಿಯ ಕೂದಲು, ದಾರ ಇವನ್ನು ಕೊಕ್ಕೆಗೆ ಸುತ್ತಿ ನೊಣವೋ ಹುಳವೋ ಸಣ್ಣ ಮೀನೋ ಎನ್ನುವಂತೆ ಮಾಡುತ್ತಾರೆ. ಅದಕ್ಕೆ ತೂಕವೇ ಇರುವುದಿಲ್ಲ, ಎಸೆದರೆ ದೂರ ಹೋಗುವುದೂ ಇಲ್ಲ. ಹಾಗಾಗಿ ತೂಕವನ್ನು ದಾರದಲ್ಲೇ ಇಟ್ಟಿರುತ್ತಾರೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಪ್ಪ ದಾರ ಗಾಳಿಯಲ್ಲಿ ಬಿಚ್ಚಿಕೊಂಡು ಹೋಗಿ, ತುದಿಯ ನೊಣವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ.

ಹೀಗೆ ಹಿಡಿಯುವ ಮೀನುಗಳಲ್ಲಿ ಹೆಸರಾದದ್ದು ಟ್ರೌಟ್. ತಣ್ಣೀರಿನ ಮೀನು ಅದು. ಅಮೆರಿಕದ ಪಶ್ಚಿಮದ ಹೊಳೆಗಳ ಮೂಲ ಟ್ರೌಟ್‌ಗೆ ಕಟ್‌ಥ್ರೋಟ್ ಎಂದು ಹೆಸರು. ದವಡೆಯ ಕೆಳಗೆ ಕೆಂಪು ಗೆರೆ, ಕತ್ತು ಕೊಯ್ದ ಹಾಗೆ ಕಾಣುತ್ತದೆ. ಅದಕ್ಕೇ ಆ ಹೆಸರು.

ಈ ಮೀನು ಫ್ರಾಂಟಿಯರ್ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಧ್ಯಕ್ಷ ಜೆಫರ್ಸನ್ ಕಳಿಸಿದ ಲೂಯಿಸ್ ಮತ್ತು ಕ್ಲಾರ್ಕ್ ತಂಡ 1805ರ ಜೂನ್ 13ರಂದು ಮಿಸೌರಿ ನದಿಯ ದೊಡ್ಡ ಜಲಪಾತದ ಬಳಿ ಇತ್ತು. ತಂಡದಲ್ಲಿ ಸೈಲಸ್ ಗುಡ್ರಿಚ್ ಎಂಬ ಮೀನಿನ ಹುಚ್ಚಿನ ಸಿಪಾಯಿಯಿದ್ದ. ಅವನು ಅಂದು ಹಿಡಿದ ಟ್ರೌಟ್‌ಗಳ ಕೆಂಪು ಗುರುತನ್ನು ಲೂಯಿಸ್ ದಿನಚರಿಯಲ್ಲಿ ಬರೆದಿಟ್ಟ. ಮುಂದೆ ಆ ಮೀನಿನ ವೈಜ್ಞಾನಿಕ ಹೆಸರಿನಲ್ಲಿ ಲೂಯಿಸ್, ಕ್ಲಾರ್ಕ್ ಇಬ್ಬರೂ ಸೇರಿಕೊಂಡರು. ಹಿಡಿದ ಗುಡ್ರಿಚ್ ಸೇರಲಿಲ್ಲ.

1876ರಲ್ಲಿ ಜನರಲ್ ಜಾರ್ಜ್ ಕ್ರೂಕ್ ಎಂಬಾತ ಲಕೋಟಾ ಮತ್ತು ಶೆಯೆನ್ ಜನರ ಮೇಲೆ ದಂಡೆತ್ತಿ ಹೋಗಿದ್ದ. ಜೂನ್ 17ರಂದು ರೋಸ್‌ಬಡ್ ಹೊಳೆಯ ಬಳಿ ಅವರಿಂದ ಬಲವಾದ ಪೆಟ್ಟು ತಿಂದು ಹಿಂದೆ ಸರಿದು ಗೂಸ್ ಕ್ರೀಕ್ ಎಂಬಲ್ಲಿ ಬೀಡುಬಿಟ್ಟ. ಅವನ ಸೈನಿಕರು ವಾರಗಟ್ಟಲೆ ಅಲ್ಲಿ ಸಾವಿರಾರು ಟ್ರೌಟ್ ಹಿಡಿದರು ಎಂದು ಜೊತೆಗಿದ್ದ ಅಧಿಕಾರಿ ಜಾನ್ ಬರ್ಕ್ ಬರೆದಿದ್ದಾನೆ. ಅದೇ ದಿನಗಳಲ್ಲಿ, ಜೂನ್ 25ರಂದು, ಉತ್ತರಕ್ಕೆ ಲಿಟಲ್ ಬಿಗ್‌ಹಾರ್ನ್ ದಡದಲ್ಲಿ ಕಸ್ಟರ್ ಮತ್ತು ಅವನ ದಳ ನಾಶವಾಯಿತು. ಆ ಸುದ್ದಿ ಕ್ರೂಕ್‌ಗೆ ತಲುಪಿದ್ದು ತಡವಾಗಿ.

ಇಂಥ ಕಥೆಗಳಲ್ಲಿ ಮೀನು ಹಿಡಿಯುವವರು ಬಹುತೇಕ ಹೊರಗಿನಿಂದ ಬಂದವರು. ಹೊಳೆಯ ದಡದಲ್ಲೇ ಇದ್ದವರು ಹಿನ್ನೆಲೆಯಲ್ಲಿ ಉಳಿಯುತ್ತಾರೆ. ಪಿರಮಿಡ್ ಸರೋವರದ ಕಥೆಯಲ್ಲಿ ಹಾಗಾಗುವುದಿಲ್ಲ.

ಮೀನಿನ ಊಟ

ಟಾಹೋ ಎಂಬ ಬೆಟ್ಟದ ಸರೋವರದಲ್ಲಿ ಹುಟ್ಟುವ ಟ್ರಕಿ ನದಿ ಸುಮಾರು 190 ಕಿಲೋಮೀಟರ್ ಹರಿದು ಮರುಭೂಮಿಯ ನಡುವಿನ ಪಿರಮಿಡ್ ಸರೋವರಕ್ಕೆ ಬೀಳುತ್ತದೆ. ಅಲ್ಲಿಂದ ಮುಂದೆ ನೀರಿಗೆ ದಾರಿಯಿಲ್ಲ. ಬಂದ ನೀರು ಬಿಸಿಲಿಗೆ ಆವಿಯಾಗಬೇಕು, ಅಷ್ಟೇ. ಹಾಗಾಗಿ ಸರೋವರದ ನೀರು ಸ್ವಲ್ಪ ಉಪ್ಪು. ನದಿಯಲ್ಲಿ ಎಷ್ಟು ನೀರು ಬರುತ್ತದೋ ಅದರ ಮೇಲೆ ಸರೋವರದ ಮಟ್ಟ ನಿಂತಿದೆ.

ಇದರ ದಡದಲ್ಲಿ ಸಾವಿರಾರು ವರ್ಷಗಳಿಂದ ಇರುವವರು ಉತ್ತರದ ಪೈಯೂಟ್ ಜನ. ಈ ಸರೋವರದಲ್ಲಿ ಮಾತ್ರ ಸಿಗುವ ಕ್ವೀವೀ ಎಂಬ ಮೀನನ್ನು ತಿನ್ನುವವರು ಎಂಬುದೇ ಅವರ ಪಂಗಡದ ಹೆಸರಿನ ಅರ್ಥ. ಜೊತೆಗೆ ಲಾಹೊಂಟನ್ ಕಟ್‌ಥ್ರೋಟ್ ಎಂಬ ಭಾರಿ ಟ್ರೌಟ್. ಎರಡೂ ಸರೋವರದಲ್ಲಿ ಬೆಳೆದು, ಮೊಟ್ಟೆಯಿಡಲು ನದಿಯ ಸಿಹಿನೀರಿಗೆ ಏರಿಬರುತ್ತಿದ್ದವು. ಆ ಕಾಲ ಬಂತೆಂದರೆ ದೂರದೂರದ ಬಂಧುಗಳೆಲ್ಲ ನದಿಯ ಬಾಯಿಗೆ ಬಂದು ಸೇರುತ್ತಿದ್ದರು. ಮೀನು ಒಣಗಿಸಿ ಮುಂದಿನ ದಿನಗಳಿಗೆ ಇಟ್ಟುಕೊಳ್ಳುತ್ತಿದ್ದರು.

1844ರ ಜನವರಿಯಲ್ಲಿ ಜಾನ್ ಫ್ರೆಮಾಂಟ್ ಎಂಬ ಸೇನಾಧಿಕಾರಿ ನಕ್ಷೆ ಮಾಡುತ್ತಾ ಇಲ್ಲಿಗೆ ಬಂದ. ನೀರಿನ ನಡುವೆ ನಿಂತ ಬಂಡೆ ಪಿರಮಿಡ್ಡಿನಂತೆ ಕಂಡಿತೆಂದು ಸರೋವರಕ್ಕೆ ಆ ಹೆಸರಿಟ್ಟ. ನದಿಯ ಬಾಯಿಯಲ್ಲಿ ಪೈಯೂಟ್ ಜನ ಅವನ ತಂಡಕ್ಕೆ ಎರಡರಿಂದ ನಾಲ್ಕು ಅಡಿ ಉದ್ದದ ಟ್ರೌಟ್‌ಗಳನ್ನು ತಂದುಕೊಟ್ಟರು. ದಣಿದು ಹಸಿದಿದ್ದವರು ಹೊಟ್ಟೆ ತುಂಬ ಉಂಡರು. ನದಿಗೂ ಫ್ರೆಮಾಂಟ್ ಮೀನಿನ ಹೆಸರನ್ನೇ ಇಟ್ಟಿದ್ದ. ಆಮೇಲೆ ಅದು ಟ್ರಕಿ ಎಂಬ ಪೈಯೂಟ್ ಮುಖಂಡನ ಹೆಸರಾಯಿತು. ಅವನ ಮೊಮ್ಮಗಳು ಸಾರಾ ವಿನೆಮಕ್ಕಾ 1883ರಲ್ಲಿ ತನ್ನ ಜನರ ಬದುಕನ್ನು ತಾನೇ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದಳು. ಫ್ರಾಂಟಿಯರ್ ಇತಿಹಾಸ ಓದುವವರು ಫ್ರೆಮಾಂಟನ ವರದಿಯ ಜೊತೆ ಈ ಪುಸ್ತಕವನ್ನೂ ಓದಬೇಕು. ಊಟ ಉಂಡವನ ಮಾತು ಒಂದು, ಬಡಿಸಿದವರ ಮನೆಯ ಮಾತು ಇನ್ನೊಂದು.

1860ರ ಯುದ್ಧ

ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಮೇಲೆ ಈ ದಾರಿಯಲ್ಲಿ ಗಾಡಿಗಳ ಸಾಲು ಶುರುವಾಯಿತು. 1859ರಲ್ಲಿ ಹತ್ತಿರದ ವರ್ಜೀನಿಯಾ ಸಿಟಿಯ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು. ಗಣಿಯವರು ಬಂದರು. ಪೈಯೂಟ್ ಜನ ತಿನ್ನುತ್ತಿದ್ದ ಪೈನ್ ಬೀಜದ ಮರಗಳನ್ನು ಕಡಿದು ಸೌದೆ ಮಾಡಿದರು. ಹುಲ್ಲುಗಾವಲಿಗೆ ದನ ಬಿಟ್ಟರು.

1860ರ ಮೇ ತಿಂಗಳಲ್ಲಿ ದಾರಿಬದಿಯ ಒಂದು ವ್ಯಾಪಾರದ ಕಟ್ಟೆಯವರು ಇಬ್ಬರು ಪೈಯೂಟ್ ಹುಡುಗಿಯರನ್ನು ಹಿಡಿದಿಟ್ಟುಕೊಂಡರು ಎಂಬ ಕಾರಣಕ್ಕೆ ಪೈಯೂಟ್ ಯುವಕರು ಅದಕ್ಕೆ ಬೆಂಕಿ ಹಚ್ಚಿ ಅಲ್ಲಿದ್ದವರನ್ನು ಕೊಂದರು. ಸೇಡು ತೀರಿಸಲು ಗಣಿ ಊರುಗಳಿಂದ ನೂರಕ್ಕೂ ಹೆಚ್ಚು ಮಂದಿ ಬಂದೂಕು ಹಿಡಿದು ಹೊರಟರು. ಮುಖಂಡ ಮೇಜರ್ ಆರ್ಮ್ಸ್‌ಬಿ. ಅದುವರೆಗೂ ಯುದ್ಧ ಬೇಡ ಎಂದು ತನ್ನವರ ಜೊತೆ ವಾದಿಸುತ್ತಿದ್ದ ನುಮಾಗಾ ಎಂಬ ನಾಯಕನೇ ಈಗ ಪೈಯೂಟ್ ಪಡೆಯ ಮುಂದೆ ನಿಂತ. ಮೇ 12ರಂದು ಸರೋವರದ ಬಳಿ, ನದಿ ದಡದಲ್ಲಿ ಬಂದವರನ್ನು ಸುತ್ತುವರಿದರು. ಆರ್ಮ್ಸ್‌ಬಿ ಸೇರಿ 70ಕ್ಕೂ ಹೆಚ್ಚು ಜನ ಸತ್ತರು. ಜೂನ್ ಆರಂಭದಲ್ಲಿ ಸರ್ಕಾರಿ ಸೈನ್ಯವೂ ಸೇರಿದ ದೊಡ್ಡ ದಂಡು ಬಂತು. ಪೈಯೂಟ್ ಜನ ಹೋರಾಡುತ್ತಲೇ ಹಿಂದೆ ಸರಿದರು. ಆ ಬೇಸಿಗೆಯಲ್ಲೇ ಕದನ ನಿಂತಿತು.

ಇಷ್ಟಾದರೂ ಸರೋವರ ಅವರ ಕೈಯಲ್ಲೇ ಉಳಿಯಿತು. 1874ರಲ್ಲಿ ಅಧ್ಯಕ್ಷ ಗ್ರಾಂಟ್ ಸಹಿ ಹಾಕಿ ಸರೋವರವನ್ನೂ ಸುತ್ತಲ ನೆಲವನ್ನೂ ಅವರಿಗೆ ಮೀಸಲು ಎಂದು ಖಾತ್ರಿ ಮಾಡಿದ.

1905ರ ಕಾಲುವೆ

ಅಮೆರಿಕದ ಜನಗಣತಿ ಇಲಾಖೆ 1890ರ ಲೆಕ್ಕ ಹಿಡಿದು ಫ್ರಾಂಟಿಯರ್ ಮುಗಿಯಿತು ಎಂದಿತು. ಅನೇಕ ಪುಸ್ತಕಗಳೂ ಅಲ್ಲಿಗೇ ಮುಗಿಯುತ್ತವೆ. ಪಿರಮಿಡ್ ಸರೋವರಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಅದಾದ ಹದಿನೈದು ವರ್ಷಕ್ಕೆ.

ಮರುಭೂಮಿಗೆ ನೀರು ಕೊಟ್ಟು ರೈತರನ್ನು ನೆಲೆಗೊಳಿಸಬೇಕು ಎಂದು 1902ರಲ್ಲಿ ಕಾಯ್ದೆ ಬಂತು. ಅದರ ಹಿಂದಿದ್ದವನು ನೆವಾಡಾದ ಸಂಸದ ಫ್ರಾನ್ಸಿಸ್ ನ್ಯೂಲ್ಯಾಂಡ್ಸ್. ಮೊದಲ ಯೋಜನೆಗಳಲ್ಲೊಂದು ಅವನ ರಾಜ್ಯದಲ್ಲೇ ಶುರುವಾಯಿತು. 1905ರಲ್ಲಿ ಟ್ರಕಿ ನದಿಗೆ ಡರ್ಬಿ ಅಣೆಕಟ್ಟು ಕಟ್ಟಿ, ಕಾಲುವೆ ತೋಡಿ, ನೀರನ್ನು ಫಾಲನ್ ಊರಿನ ಸುತ್ತಲ ಅಚ್ಚುಕಟ್ಟಿಗೆ ತಿರುಗಿಸಿದರು. ನದಿಯ ಸುಮಾರು ಅರ್ಧ ನೀರು ಬೇರೆ ಕಣಿವೆಗೆ ಹೋಯಿತು.

ಫಾಲನ್ನಿಗೆ ಬಂದ ರೈತರು ಕಳ್ಳರಲ್ಲ. ಸರ್ಕಾರ ಭೂಮಿ ತೋರಿಸಿ, ನೀರು ಕೊಡುತ್ತೇವೆ ಬನ್ನಿ ಎಂದಿತ್ತು. ಬಂದು ಬೆವರು ಸುರಿಸಿ ಕುದುರೆಮಸಾಲೆ ಸೊಪ್ಪು ಬೆಳೆದರು. ಆದರೆ ನದಿಯ ಕೊನೆಯಲ್ಲಿ ಇದ್ದವರನ್ನು ಯಾರೂ ಕೇಳಿರಲಿಲ್ಲ. ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ಸರೋವರ ಇಳಿಯತೊಡಗಿತು. 1967ರ ಹೊತ್ತಿಗೆ ಸುಮಾರು 80 ಅಡಿ ಇಳಿದಿತ್ತು. ಪಕ್ಕದಲ್ಲೇ ಇದ್ದ ವಿನೆಮಕ್ಕಾ ಸರೋವರ 1930ರ ದಶಕದ ಕೊನೆಗೆ ಪೂರ್ತಿ ಒಣಗಿತು. ನದಿಯ ಬಾಯಿಯಲ್ಲಿ ಮರಳು ದಿಬ್ಬವಾಗಿ ತೆಳ್ಳನೆ ನೀರು ಹರಡಿತು. ದೊಡ್ಡ ಮೀನು ಅದನ್ನು ದಾಟಿ ಮೇಲೇರುವುದು ಹೇಗೆ? ಏರಿದರೂ ಮುಂದೆ ಅಣೆಕಟ್ಟು.

1925ರಲ್ಲಿ ಜಾನ್ ಸ್ಕಿಮ್ಮರ್‌ಹಾರ್ನ್ ಎಂಬ ಪೈಯೂಟ್ ವ್ಯಕ್ತಿ ಇಲ್ಲಿ 41 ಪೌಂಡ್, ಅಂದರೆ ಹದಿನೆಂಟೂವರೆ ಕಿಲೋ ತೂಕದ ಕಟ್‌ಥ್ರೋಟ್ ಹಿಡಿದ. ಈ ಜಾತಿಯ ವಿಶ್ವದಾಖಲೆ ಇವತ್ತಿಗೂ ಅದೇ. ಹದಿಮೂರು ವರ್ಷದ ನಂತರ, 1938ರಲ್ಲಿ, ಕೊನೆಯ ಸಲ ಮೀನು ಮೊಟ್ಟೆಯಿಡಲು ನದಿಗೆ ಬಂತು. ಕೆಲವೇ ವರ್ಷಗಳಲ್ಲಿ ಸರೋವರದಲ್ಲಿ ಆ ಟ್ರೌಟ್ ಒಂದೂ ಉಳಿಯಲಿಲ್ಲ. ಬಹಳ ವರ್ಷ ಬದುಕುವ ಜಾತಿಯಾದ್ದರಿಂದ ಕ್ವೀವೀ ಹೇಗೋ ಉಸಿರು ಹಿಡಿದುಕೊಂಡಿತು.

ಕೋರ್ಟಿನ ಮೆಟ್ಟಿಲು

ಮೀನು ಹೋಗುತ್ತಿದ್ದಾಗ ಕೋರ್ಟಿನಲ್ಲಿ ನದಿಯ ನೀರು ಹಂಚುವ ದಾವೆ ನಡೆಯುತ್ತಿತ್ತು. 1944ರಲ್ಲಿ ತೀರ್ಪು ಬಂತು. ಪೈಯೂಟ್ ಜನರಿಗೆ ಹೊಲಕ್ಕೆ ಹಾಯಿಸಲು ಒಂದಿಷ್ಟು ನೀರು ಸಿಕ್ಕಿತು. ಮೀನಿಗೆಂದು ಏನೂ ಇರಲಿಲ್ಲ. ಕಾರಣವಿಷ್ಟೇ, ಅವರ ಪರ ನಿಂತದ್ದು ಕೇಂದ್ರ ಸರ್ಕಾರ. ಫಾಲನ್ನಿನ ಯೋಜನೆಯೂ ಅದೇ ಸರ್ಕಾರದ್ದು. ಎರಡೂ ಕಕ್ಷಿಗೆ ಒಬ್ಬನೇ ವಕೀಲ ಇದ್ದ ಹಾಗೆ. ಮೀನಿಗೆ ನೀರು ಬೇಕೆಂದು ಸರ್ಕಾರ ಕೇಳಲೇ ಇಲ್ಲ.

ಮುಂದೆ ಬುಡಕಟ್ಟಿನವರು ತಾವೇ ಕೋರ್ಟಿಗೆ ಹೋದರು. 1972ರಲ್ಲಿ ಒಬ್ಬ ನ್ಯಾಯಾಧೀಶರು, ಸರ್ಕಾರ ಬುಡಕಟ್ಟಿನ ಹಿತ ಕಾಯುವ ಕರ್ತವ್ಯದಲ್ಲಿ ತಪ್ಪಿದೆ, ಅಗತ್ಯಕ್ಕಿಂತ ಹೆಚ್ಚು ನೀರು ಕಾಲುವೆಗೆ ಬಿಡುತ್ತಿದೆ ಎಂದರು. ಆದರೆ 1983ರಲ್ಲಿ ಸುಪ್ರೀಂ ಕೋರ್ಟ್, 1944ರ ಹಂಚಿಕೆಯನ್ನು ಮತ್ತೆ ತೆರೆಯಲಾಗದು ಎಂದು ಬಾಗಿಲು ಮುಚ್ಚಿತು. ಒಮ್ಮೆ ಕೇಳದೆ ಬಿಟ್ಟ ಹಕ್ಕು ಮತ್ತೆ ಸಿಗಲಿಲ್ಲ.

ಹಾಗಾಗಿ ಬೇರೆ ದಾರಿ ಹುಡುಕಿದರು. ಕ್ವೀವೀ 1967ರಲ್ಲೇ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತ್ತು. ಟ್ರೌಟ್ 1970ರಲ್ಲಿ ಸೇರಿತು. ಈ ಮೀನುಗಳನ್ನು ಉಳಿಸುವುದು ಸರ್ಕಾರದ ಕಾನೂನು ಬಾಧ್ಯತೆ ಎಂಬ ವಾದ ಗೆದ್ದಿತು. ನದಿಯ ಮೇಲ್ಭಾಗದ ಸ್ಟಾಂಪೀಡ್ ಜಲಾಶಯದ ನೀರನ್ನು ಮೀನಿಗಾಗಿ ಬಿಡತೊಡಗಿದರು. 1990ರಲ್ಲಿ ಸಂಸತ್ತು ಒಪ್ಪಂದದ ಕಾಯ್ದೆ ಮಾಡಿ ಮೀನುಗಾರಿಕೆಗೆಂದೇ ಬುಡಕಟ್ಟಿಗೆ 2.5 ಕೋಟಿ ಡಾಲರ್ ನಿಧಿ ಇಟ್ಟಿತು.

ಹಳ್ಳದಲ್ಲಿ ಸಿಕ್ಕ ಮೀನು

1970ರ ದಶಕದ ಕೊನೆಯಲ್ಲಿ, ನೂರಾರು ಕಿಲೋಮೀಟರ್ ಪೂರ್ವಕ್ಕೆ, ಯೂಟಾ ಗಡಿಯ ಪೈಲಟ್ ಪೀಕ್ ಬೆಟ್ಟದ ಸಣ್ಣ ಹಳ್ಳವೊಂದರಲ್ಲಿ ಚಿಕ್ಕ ಚಿಕ್ಕ ಕಟ್‌ಥ್ರೋಟ್‌ಗಳು ಕಂಡವು. 20ನೇ ಶತಮಾನದ ಆರಂಭದಲ್ಲಿ ಯಾರೋ ತಂದು ಬಿಟ್ಟಿದ್ದವು. ಮೀನಿನ ತಜ್ಞ ರಾಬರ್ಟ್ ಬೆಂಕೆ ಇವು ಪಿರಮಿಡ್ ಸರೋವರದ ತಳಿಯೇ ಎಂದರು. ವಸ್ತುಸಂಗ್ರಹಾಲಯದಲ್ಲಿದ್ದ ಹಳೆಯ ಮೀನುಗಳ ಡಿಎನ್‌ಎ ಜೊತೆ ಹೋಲಿಸಿದಾಗ ಆ ಮಾತಿಗೆ ಬಲ ಬಂತು. ಸರ್ಕಾರಿ ಮರಿ ಕೇಂದ್ರದಲ್ಲಿ ಸಾಕಿ, 2006ರಲ್ಲಿ ಬುಡಕಟ್ಟಿನ ಒಪ್ಪಿಗೆಯೊಂದಿಗೆ ಅವನ್ನು ಸರೋವರಕ್ಕೆ ಬಿಟ್ಟರು.

ಹಳ್ಳದಲ್ಲಿ ಗೇಣುದ್ದ ಇದ್ದ ತಳಿ ದೊಡ್ಡ ನೀರು ಸಿಕ್ಕಿದ್ದೇ ತಡ ಬೆಳೆಯಿತು. ಆರೇಳು ವರ್ಷದಲ್ಲೇ 20 ಪೌಂಡ್ ದಾಟಿದ ಮೀನುಗಳು ಗಾಳಕ್ಕೆ ಬಿದ್ದವು. 2014ರಲ್ಲಿ ಅವು ಟ್ರಕಿ ನದಿಗೆ ಏರಿ ಮೊಟ್ಟೆಯಿಟ್ಟವು, 1938ರ ನಂತರ ಮೊದಲ ಬಾರಿಗೆ. 2020ರಲ್ಲಿ ಡರ್ಬಿ ಅಣೆಕಟ್ಟಿನ ಕಾಲುವೆಗೆ ಮೀನು ನುಗ್ಗದಂತೆ ದೊಡ್ಡ ಜರಡಿ ಹಾಕಿದರು. ಕಾಲುವೆ ಇನ್ನೂ ಇದೆ. ಫಾಲನ್ನಿನ ರೈತರೂ ಇದ್ದಾರೆ. ನೀರಿನ ಜಗಳ ಪೂರ್ತಿ ಮುಗಿದಿಲ್ಲ.

ಈಗ ಚಳಿಗಾಲದಲ್ಲಿ ಈ ಸರೋವರಕ್ಕೆ ಹೋದರೆ ವಿಚಿತ್ರ ನೋಟ ಕಾಣುತ್ತದೆ. ನೀರಿನೊಳಗೆ ಸಾಲಾಗಿ ಏಣಿ ಇಟ್ಟುಕೊಂಡು, ಅದರ ಮೇಲೆ ನಿಂತು ಜನ ಫ್ಲೈ ಬೀಸುತ್ತಿರುತ್ತಾರೆ. ದಡದಿಂದ ಸ್ವಲ್ಪ ದೂರದಲ್ಲಿ ತಳ ಥಟ್ಟನೆ ಆಳವಾಗುತ್ತದೆ, ದೊಡ್ಡ ಮೀನು ಆ ಅಂಚಿನಲ್ಲಿ ಓಡಾಡುತ್ತದೆ. ಏಣಿ ಹತ್ತಿದರೆ ದಾರ ಅಲ್ಲಿಗೆ ಮುಟ್ಟುತ್ತದೆ, ಮೈಯೂ ಕೊರೆಯುವ ನೀರಿನಿಂದ ಮೇಲಿರುತ್ತದೆ. ಅವರೆಲ್ಲ ಮೊದಲು ಪೈಯೂಟ್ ಬುಡಕಟ್ಟಿನಿಂದ ಪರವಾನಗಿ ಕೊಂಡಿರಬೇಕು. ಎಷ್ಟು ಉದ್ದದ ಮೀನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂಬ ನಿಯಮವೂ ಅವರದೇ. ಫ್ರೆಮಾಂಟ್‌ಗೆ ಮೀನು ಕೊಟ್ಟವರ ಮಕ್ಕಳು-ಮರಿಮಕ್ಕಳು ಇಂದಿಗೂ ಅಲ್ಲೇ ಇದ್ದಾರೆ. ಕೇಳಿಯೇ ಮೀನು ಹಿಡಿಯಬೇಕು.

ನಿಮ್ಮೂರ ಹೊಳೆಯಲ್ಲಿ, ಕೆರೆಯಲ್ಲಿ ಹಿಂದೆ ಇದ್ದು ಈಗ ಕಾಣದ ಮೀನು ಯಾವುದು? ಯಾವ ವರ್ಷದಿಂದ ಕಾಣುತ್ತಿಲ್ಲ, ಆ ವರ್ಷ ಊರಲ್ಲಿ ಏನು ಕಟ್ಟಿದರು? ಮನೆಯ ಹಿರಿಯರನ್ನು ಕೇಳಿ ನೋಡಿ, ನಮಗೂ ಬರೆಯಿರಿ.