ಪುಣೆಯ ಪದವಿ, ಬ್ರಿಟನ್ನಿನ ವಾರ್ಡು

ಪುಣೆ ಕನ್ನಡಿಗರ ಚರಿತ್ರೆಯಲ್ಲಿ ವೈದ್ಯರಿಗೆ ಮೊದಲಿನಿಂದಲೂ ಮರ್ಯಾದೆಯ ಜಾಗವಿದೆ. ಕನ್ನಡ ಸಂಘದ ಪ್ರೌಢಶಾಲೆಗೆ ಇರುವುದು ಡಾ. ಕಲ್ಮಾಡಿ ಶಾಮರಾವ್ ಅವರ ಹೆಸರು. ಇಲ್ಲಿಗೆ ಬಂದು ನೆಲೆ ನಿಂತವರನ್ನು ನಾವು ಹೀಗೆ ನೆನೆಯುತ್ತೇವೆ. ಇಲ್ಲಿ ಓದಿ ಮುಂದೆ ಹಡಗು ಹತ್ತಿದವರ ಮಾತು ಬಂದಾಗ ಮಾತ್ರ ನಮ್ಮ ದನಿ ಬದಲಾಗುತ್ತದೆ. ಸನ್ಮಾನ ಸಭೆಯಲ್ಲಾದರೆ ಅವರು ಸ್ವಂತ ಪ್ರತಿಭೆಯಿಂದ ವಿಲಾಯತಿಯಲ್ಲಿ ಗೆದ್ದವರು. ಸಭೆಯ ಹೊರಗೆ, ಊರಿನ ದುಡ್ಡಿನಲ್ಲಿ ಓದಿ ಪರದೇಶ ಸೇರಿಕೊಂಡವರು. ಎರಡು ಮಾತೂ ವೈದ್ಯರ ಮನಸ್ಸಿನಲ್ಲಷ್ಟೇ ಕಾರಣ ಹುಡುಕುತ್ತವೆ. ಆ ದಾರಿಯನ್ನು ಮೊದಲೇ ಹಾಕಿಟ್ಟಿದ್ದು ಎರಡೂ ದೇಶಗಳ ಸರ್ಕಾರಿ ತೀರ್ಮಾನಗಳು ಎಂಬುದು ನನ್ನ ವಾದ. ಅವರ ನಿಜವಾದ ಸಾಧನೆಯನ್ನು ಹುಡುಕಬೇಕಾದ್ದು ಆ ದಾರಿ ತಲುಪಿಸಿದ ಜಾಗದಲ್ಲಿ.

ಸಸೂನ್ ಆಸ್ಪತ್ರೆಯ ಮಗ್ಗುಲಿನ ಬಿ.ಜೆ. ಮೆಡಿಕಲ್ ಸ್ಕೂಲ್ 1946ರವರೆಗೆ ಪದವಿ ಕೊಡುವ ಸಂಸ್ಥೆಯಾಗಿರಲಿಲ್ಲ. ಅಲ್ಲಿ ಕಲಿತವರು ಲೈಸೆನ್ಶಿಯೇಟರು, ಅಂದರೆ ಪದವಿಯಿಲ್ಲದೆ ಪರವಾನಗಿಯ ಮೇಲೆ ವೈದ್ಯ ಮಾಡುವವರು. 1933ರ ಭಾರತೀಯ ವೈದ್ಯಕೀಯ ಮಂಡಳಿ ಕಾಯಿದೆ ಇವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬ್ರಿಟನ್ನಿನ ಜೊತೆಗಿನ ಪರಸ್ಪರ ಮಾನ್ಯತೆಯ ಏರ್ಪಾಡು ಪದವೀಧರರಿಗೆ ಮಾತ್ರ. ಆದರೆ ದೇಶದ ರೋಗಿಗಳನ್ನು ಹೆಚ್ಚಾಗಿ ನೋಡುತ್ತಿದ್ದವರು ಇವರೇ. 1946ರ ಭೋರ್ ಸಮಿತಿಯ ಲೆಕ್ಕದಂತೆ 47,000ಕ್ಕೂ ಹೆಚ್ಚು ನೋಂದಾಯಿತ ವೈದ್ಯರಲ್ಲಿ ಸುಮಾರು 30,000 ಮಂದಿ ಲೈಸೆನ್ಶಿಯೇಟರು. ಆ ಸಮಿತಿ ಇನ್ನು ಮುಂದೆ ಒಂದೇ ಬಗೆಯ ವೈದ್ಯರು ಸಾಕು, ಅವರು ಪದವೀಧರರೇ ಆಗಿರಲಿ ಎಂದಿತು. ಅದೇ ವರ್ಷ ಬಿ.ಜೆ. ಸ್ಕೂಲು ಕಾಲೇಜಾಯಿತು. ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಬಂದದ್ದು 1957ರಲ್ಲಿ. ಅಲ್ಲಿಯವರೆಗೆ ಬೆಳಗಾವಿ, ಧಾರವಾಡ, ವಿಜಾಪುರದ ಹುಡುಗರಿಗೆ ತಮ್ಮ ಮುಂಬಯಿ ಪ್ರಾಂತದೊಳಗೆ ಹತ್ತಿರವಾಗಿದ್ದ ಎಂ.ಬಿ.ಬಿ.ಎಸ್. ಕಾಲೇಜುಗಳೆಂದರೆ ಪುಣೆ, ಮುಂಬಯಿಯವು. ಇಂಗ್ಲಿಷ್ ಪಠ್ಯ, ಇಂಗ್ಲೆಂಡಿನ ಮಾದರಿಯ ಪರೀಕ್ಷೆ, ಮೇಲೆ ಎಫ್.ಆರ್.ಸಿ.ಎಸ್. ಅಥವಾ ಎಂ.ಆರ್.ಸಿ.ಪಿ. ಎಂಬ ಬ್ರಿಟಿಷ್ ಅರ್ಹತೆ ಇದ್ದರೆ ಊರಲ್ಲಿ ಸಿಗುವ ತೂಕ: ಇಷ್ಟೆಲ್ಲ ಕಲಿಸಿಕೊಟ್ಟ ಮೇಲೆ ಹುಡುಗರು ಆ ಕಡೆ ಮುಖ ಮಾಡಿದ್ದಕ್ಕೆ ಅಚ್ಚರಿಪಡುವುದೇಕೆ?

ಆ ಕಡೆಯ ಕಥೆ ಇನ್ನೂ ಸ್ವಾರಸ್ಯದ್ದು. ಯುದ್ಧದಲ್ಲಿ ನುಜ್ಜುಗುಜ್ಜಾದ ಬ್ರಿಟನ್ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಶುರುಮಾಡಿ, ಎಲ್ಲರಿಗೂ ಪುಕ್ಕಟೆ ಚಿಕಿತ್ಸೆಯ ಮಾತು ಕೊಟ್ಟಿತು. ಒಂಬತ್ತೇ ವರ್ಷದಲ್ಲಿ ಅಲ್ಲಿನ ವಿಲಿಂಕ್ ಸಮಿತಿ, ವೈದ್ಯರು ಹೆಚ್ಚಾಗುತ್ತಾರೆ, ಕಾಲೇಜು ಸೀಟು ಕಡಿಮೆ ಮಾಡಿ ಎಂದು ಸಲಹೆ ಕೊಟ್ಟಿತು. ಲೆಕ್ಕ ತಪ್ಪಿತ್ತು. ಆ ಕೊರತೆಗೆ ಉಪಖಂಡದಲ್ಲಿ ಸಿದ್ಧವಾಗಿದ್ದ ಪದವೀಧರರು ಒದಗಿದರು. 1962ರ ವಲಸೆ ಕಾಯಿದೆ ಕಾಮನ್‌ವೆಲ್ತ್ ದೇಶಗಳವರಿಗೆ ಬಾಗಿಲನ್ನು ಕಿರಿದು ಮಾಡಿದರೂ ವೈದ್ಯರಿಗೆ ಒಳಬರಲು ಕೆಲಸದ ವೋಚರ್ ಸಿಗುತ್ತಿತ್ತು. 1968ರಲ್ಲಿ ವಲಸೆಯ ವಿರುದ್ಧ ಗುಡುಗಿದ ರಾಜಕಾರಣಿ ಈನಾಕ್ ಪೊವೆಲ್, 1960ರಿಂದ 63ರವರೆಗೆ ಆರೋಗ್ಯ ಸಚಿವರಾಗಿದ್ದಾಗ ಅವರ ಆಸ್ಪತ್ರೆಗಳು ನಡೆದದ್ದೂ ಈ ವೈದ್ಯರ ಬಲದಿಂದಲೇ. ಕರೆದವರು ಕೊಟ್ಟದ್ದು ಯಾವ ಕೆಲಸ? ಸರ್ಜರಿ ಕಲಿಯಲು ಹೋದವರಿಗೆ ಬಹಳ ಸಲ ಸಿಕ್ಕಿದ್ದು ವೃದ್ಧರ ವಾರ್ಡು, ಮಾನಸಿಕ ಆಸ್ಪತ್ರೆ, ಗಣಿ ಮತ್ತು ಗಿರಣಿ ಊರುಗಳ ಜಿ.ಪಿ. (ಕುಟುಂಬ ವೈದ್ಯ) ಕೆಲಸ. ವೃದ್ಧರ ವಾರ್ಡುಗಳು ಎಷ್ಟೋ ಕಡೆ ಬಡವರನ್ನು ಇಟ್ಟು ದುಡಿಸುತ್ತಿದ್ದ ಹಳೆಯ ವರ್ಕ್‌ಹೌಸುಗಳ ಕಟ್ಟಡದಲ್ಲಿದ್ದವು. ಬ್ರಿಟನ್ನಿನಲ್ಲೇ ಓದಿದವರು ಅತ್ತ ಅಷ್ಟಾಗಿ ಸುಳಿಯುತ್ತಿರಲಿಲ್ಲ. ಮಲಗಿಸಿಟ್ಟಿದ್ದ ಮುದುಕರನ್ನು ಪರೀಕ್ಷಿಸಿ, ಎಬ್ಬಿಸಿ ನಡೆಸಿ, ಮನೆಗೆ ಕಳಿಸುವ ವೈದ್ಯವನ್ನು 1930ರ ದಶಕದಲ್ಲಿ ಆರಂಭಿಸಿದವರು ಬ್ರಿಟಿಷ್ ವೈದ್ಯೆ ಮಾರ್ಜರಿ ವಾರೆನ್. ಅದನ್ನು ಊರೂರಿನ ಆಸ್ಪತ್ರೆಗಳಲ್ಲಿ ನಿತ್ಯದ ವೈದ್ಯವಾಗಿಸಿದವರಲ್ಲಿ ದಕ್ಷಿಣ ಏಷ್ಯಾದವರ ಪಾಲು ದೊಡ್ಡದು.

ಎಲ್ಲವನ್ನೂ ನಿಯಮದ ತಲೆಗೆ ಕಟ್ಟಿದರೆ ವೈದ್ಯರ ಹೊಣೆ ಎಲ್ಲಿ ಉಳಿಯಿತು ಎಂದು ಕೇಳಬಹುದು. ಹೋಗದೆ ಉಳಿದವರು, ಹೋಗಿ ವಾಪಸಾದವರು ಇದ್ದೇ ಇದ್ದರಲ್ಲ? ಇದ್ದರು, ಆಯ್ಕೆ ಇರಲಿಲ್ಲವೆಂದು ನಾನೂ ಹೇಳುತ್ತಿಲ್ಲ. ಹಳ್ಳಿಗಳಿಗೆ ನಷ್ಟವಾಯಿತೆಂಬ ದೂರು ಇದಕ್ಕಿಂತ ಗಟ್ಟಿ, ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧಕ್ಕೆ ಪುಣೆಯಲ್ಲೇ ಉತ್ತರ ಸಿಗುತ್ತದೆ. 1948ರಲ್ಲಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು 1962ರಲ್ಲಿ ಎಂ.ಬಿ.ಬಿ.ಎಸ್. ತರಗತಿ ತೆರೆದಾಗ ಸೇನಾ ಸೇವೆಯ ಕರಾರನ್ನೂ ಇಟ್ಟಿತು. ಸೇನೆಗೆ ಬೇಕಿತ್ತು, ಕಟ್ಟಿಹಾಕಿಕೊಂಡಿತು. ಹಳ್ಳಿಯ ಪರವಾಗಿ ಅಷ್ಟೇ ಬಿಗಿಯಾದ ಕರಾರು ಕೇಳುವವರು ಇರಲಿಲ್ಲ. ಸಾಲದ್ದಕ್ಕೆ, ದೇಶ ಬಿಡುವ ದಾರಿಯಿಲ್ಲದ ಲೈಸೆನ್ಶಿಯೇಟರ ತಲೆಮಾರನ್ನೇ ನಾವು ನಿಲ್ಲಿಸಿದ್ದೆವು. ಮಟ್ಟ ಎತ್ತರಿಸಲು ಅದು ಬೇಕಿತ್ತೆಂಬ ವಾದವನ್ನು ಒಪ್ಪೋಣ. ಅದರ ಬೆಲೆಯನ್ನು ಇಪ್ಪತ್ತೈದರ ಹುಡುಗನೊಬ್ಬನಿಂದ ವಸೂಲು ಮಾಡುವುದು ನ್ಯಾಯವಲ್ಲ.

1975ರಲ್ಲಿ ಬ್ರಿಟನ್ನಿನ ವೈದ್ಯಕೀಯ ಮಂಡಳಿ ಭಾರತದ ಪದವಿಗಳಿಗಿದ್ದ ನೇರ ಮಾನ್ಯತೆ ತೆಗೆದು, ಹೊಸಬರಿಗೆ ಭಾಷೆ ಮತ್ತು ವಿಷಯದ ಪರೀಕ್ಷೆ ಇಟ್ಟಿತು. ಅದೇ ವರ್ಷ ಅಲ್ಲಿನ ಹೊರದೇಶಗಳ ವೈದ್ಯರು ತಮ್ಮದೇ ಸಂಘ ಕಟ್ಟಿಕೊಂಡರು. ಕನ್ನಡ ಬಳಗ ಯು.ಕೆ. ಹುಟ್ಟಿದ್ದು 1983ರಲ್ಲಿ, ನಾಲ್ಕು ವರ್ಷ ಕಲಿತು ವಾಪಸಾಗುತ್ತೇನೆಂದು ಹೊರಟವರು ಅಷ್ಟು ಹೊತ್ತಿಗೆ ಅಲ್ಲಿಯವರಾಗಿದ್ದರು. ಈ ಶತಮಾನದ ಮೊದಲಲ್ಲಿ ದಕ್ಷಿಣ ವೇಲ್ಸಿನ ಗಣಿ ಕಣಿವೆಗಳ ಭಾರತೀಯ ಜಿ.ಪಿ.ಗಳು ಒಬ್ಬೊಬ್ಬರಾಗಿ ನಿವೃತ್ತರಾಗತೊಡಗಿದಾಗ, ಅವರ ಕುರ್ಚಿಗೆ ಬರುವವರನ್ನು ಹುಡುಕುವುದೇ ಅಲ್ಲಿನ ಆರೋಗ್ಯ ಇಲಾಖೆಗೆ ದೊಡ್ಡ ಕೆಲಸವಾಯಿತು.