ಡಬ್ಬಿಯೊಳಗಿನ ಸಾಕ್ಷಿ

ಡಾಕ್ಟರ್ ಚೀಟಿಯಲ್ಲಿ ‘ಸ್ಟೂಲ್ ಟೆಸ್ಟ್’ ಅಂತ ಬರೆದ ಕೂಡಲೇ ನಮ್ಮ ಮುಖ ಸಿಂಡರಿಸುತ್ತೆ. ಲ್ಯಾಬಿನವರು ಕೊಟ್ಟ ಪುಟ್ಟ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ, ಬ್ಯಾಗಿನ ತಳಕ್ಕೆ ತುರುಕಿ, ಯಾರಿಗೂ ಕಾಣದ ಹಾಗೆ ಕೌಂಟರಿನಲ್ಲಿಟ್ಟು ಬರ್ತೀವಿ. ಶುಗರ್ ಎಷ್ಟು, ಕೊಲೆಸ್ಟ್ರಾಲ್ ಎಷ್ಟು ಅಂತ ಆಫೀಸಿನ ಊಟದ ಟೇಬಲ್ಲಿನಲ್ಲೇ ಮಾತಾಡೋ ನಾವು ಇದರ ಬಗ್ಗೆ ಮಾತ್ರ ತುಟಿ ಬಿಚ್ಚೋದಿಲ್ಲ. ಆದರೆ ಆ ಡಬ್ಬಿಗೂ ಒಂದು ಚರಿತ್ರೆ ಇದೆ. ಕರುಳಿನ ಗೋಡೆಯಲ್ಲಿ ಉರಿಯೂತ ಇದೆಯೋ ಇಲ್ಲವೋ ಅನ್ನೋದನ್ನ ಒಳಗೆ ಇಣುಕದೆ ತಿಳಿಯೋದು ಹೇಗೆ ಅಂತ ವೈದ್ಯರು ಪಟ್ಟ ಪಾಡಿನ ಚರಿತ್ರೆ ಅದು.

ದೊಡ್ಡ ಕರುಳಿನ ಒಳಪದರ ಹುಣ್ಣಾಗುವ ಕಾಯಿಲೆಯ ಬಗ್ಗೆ ಲಂಡನ್ನಿನ ಸ್ಯಾಮ್ಯುಯಲ್ ವಿಲ್ಕ್ಸ್ ಬರೆದದ್ದು 1859ರಲ್ಲಿ. ಅದೇ ಮುಂದೆ ಅಲ್ಸರೇಟಿವ್ ಕೊಲೈಟಿಸ್ ಎಂದು ಹೆಸರಾಯಿತು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಆಪನ್‌ಹೈಮರ್ ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಬರುವ ಇನ್ನೊಂದು ಕಾಯಿಲೆಯನ್ನು ವಿವರಿಸಿದರು. ಈಗ ಅದನ್ನ ಕ್ರೋನ್ಸ್ ಅಂತೀವಿ. ಎರಡನ್ನೂ ಸೇರಿಸಿ ಐಬಿಡಿ. ಗೋಜಲು ಏನಂದ್ರೆ, ಐಬಿಎಸ್ ಅನ್ನೋ ಬೇರೆ ತೊಂದರೆಯಲ್ಲೂ ಹೊಟ್ಟೆನೋವು, ಭೇದಿ ಇದ್ದದ್ದೇ. ಅಲ್ಲಿ ಕರುಳಿನ ಗೋಡೆಗೆ ಮಾತ್ರ ಗಾಯ ಇರೋಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ಹಾಗಾದರೆ ಅಳೆಯೋದು ಯಾವುದನ್ನ? 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಕೊಲೈಟಿಸ್ ರೋಗಿಗಳಿಗೆ ಕಾರ್ಟಿಸೋನ್ ಕೊಟ್ಟು ನೋಡಿದಾಗ ಹಿಡಿದದ್ದು ಸರಳ ದಾರಿ. ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತ ಸಹಿತ ಭೇದಿ, ಜೊತೆಗೆ ಜ್ವರ, ಏರಿದ ನಾಡಿ, ಇಳಿದ ಹಿಮೋಗ್ಲೋಬಿನ್ ಇದ್ದರೆ ಕಾಯಿಲೆ ತೀವ್ರ ಅಂತ ಲೆಕ್ಕ. ಈ ಅಳತೆಗೋಲು ಇವತ್ತಿಗೂ ಬಳಕೆಯಲ್ಲಿದೆ. ಆದರೆ ಎಷ್ಟು ಸಲ ಹೋದೆ ಅನ್ನೋದನ್ನ ರೋಗಿ ಬಾಯಿಬಿಟ್ಟು ಹೇಳಬೇಕಲ್ಲ? ಭೇದಿ ನಿಂತು ಎಲ್ಲ ಸರಿಹೋಯ್ತು ಅನ್ನಿಸಿದ ಮೇಲೂ ಒಳಗೆ ಉರಿಯೂತ ಸದ್ದಿಲ್ಲದೆ ಉಳಿದಿರಬಹುದು. ಕೊಲೊನೊಸ್ಕೋಪಿ ಬಂದ ಮೇಲೆ ನೇರವಾಗಿ ನೋಡೋಕೆ ಸಾಧ್ಯವಾಯ್ತು, ನಿಜ. ಆದರೆ ಹಿಂದಿನ ದಿನ ಭೇದಿ ಔಷಧಿ ಕುಡಿದು ಕರುಳು ಖಾಲಿ ಮಾಡಿಕೊಂಡು ಹೋಗೋ ಪರೀಕ್ಷೆಯನ್ನ ಮೂರು ತಿಂಗಳಿಗೊಮ್ಮೆ ಮಾಡಿಸಿಕೊಳ್ಳೋರು ಯಾರು?

ಉರಿಯೂತ ಇದ್ದ ಕಡೆ ಬಿಳಿ ರಕ್ತಕಣಗಳು ನುಗ್ಗುತ್ತವೆ, ಅಲ್ಲಿಂದ ಕರುಳಿನೊಳಕ್ಕೆ ಸೋರಿ ಮಲದಲ್ಲಿ ಹೊರಗೆ ಬರುತ್ತವೆ. ಅವನ್ನೇ ಎಣಿಸಿದರೆ? 1980ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಇದನ್ನ ಮಾಡಿಯೇ ಬಿಟ್ಟರು. ರೋಗಿಯ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ, ಅವಕ್ಕೆ ವಿಕಿರಣ ಸೂಸುವ ಇಂಡಿಯಂ-111 ಅಂಟಿಸಿ, ಮತ್ತೆ ದೇಹಕ್ಕೆ ಚುಚ್ಚಿ, ನಾಲ್ಕು ದಿನದ ಮಲವನ್ನೆಲ್ಲ ಕೂಡಿಟ್ಟು ವಿಕಿರಣ ಅಳೆಯೋದು. ಫಲಿತಾಂಶ ನಿಖರ. ಆದರೆ ನಾಲ್ಕು ದಿನದ್ದು! ಪಾಪ, ರೋಗಿಗೂ ಕಷ್ಟ, ಲ್ಯಾಬಿನವರಿಗೂ ಕಷ್ಟ.

ಸುಲಭದ ದಾರಿ ಸಿಕ್ಕಿದ್ದು ನಾರ್ವೆಯಲ್ಲಿ. 1980ರಲ್ಲಿ ಮಾಗ್ನೆ ಫಾಗೆರ್‌ಹೋಲ್ ಮತ್ತು ಸಂಗಡಿಗರು ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣಗಳೊಳಗಿನ ಒಂದು ಪ್ರೋಟೀನನ್ನು ಬೇರ್ಪಡಿಸಿ, ಎಲ್1 ಅಂತ ಹೆಸರಿಟ್ಟರು. ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತೆ, ಸೂಕ್ಷ್ಮಜೀವಿಗಳ ಬೆಳವಣಿಗೆ ತಡೆಯುತ್ತೆ ಅಂತ ಗೊತ್ತಾದ ಮೇಲೆ, 1990ರಲ್ಲಿ ಅದು ಕ್ಯಾಲ್‌ಪ್ರೊಟೆಕ್ಟಿನ್ ಆಯಿತು. 1992ರಲ್ಲಿ ಆರ್ನೆ ರೋಸೆತ್, ಫಾಗೆರ್‌ಹೋಲ್ ಮತ್ತಿತರರು ಅದನ್ನ ಮಲದಲ್ಲೇ ಅಳೆಯೋ ವಿಧಾನ ಪ್ರಕಟಿಸಿದರು. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನ ಅಷ್ಟು ಸುಲಭವಾಗಿ ಒಡೆಯಲಾರವು. ಫ್ರಿಜ್ಜಿನ ಹೊರಗಿಟ್ಟರೂ ದಿನಗಟ್ಟಲೆ ಉಳಿಯುತ್ತೆ. ಅಂದ್ರೆ ಮನೆಯಲ್ಲೇ ಒಂದು ಚಮಚದಷ್ಟು ತೆಗೆದು ಡಬ್ಬಿಗೆ ಹಾಕಿ ಕೊಟ್ಟರೆ ಸಾಕು!

2000ದಲ್ಲಿ ಲಂಡನ್ನಿನ ಟಿಬಲ್ ಮತ್ತು ಸಂಗಡಿಗರು ಕಾಯಿಲೆ ಶಾಂತವಾಗಿದ್ದ 80 ರೋಗಿಗಳನ್ನು ಒಂದು ವರ್ಷ ಗಮನಿಸಿದರು. ಕ್ಯಾಲ್‌ಪ್ರೊಟೆಕ್ಟಿನ್ ಜಾಸ್ತಿ ಇದ್ದವರಲ್ಲೇ ಕಾಯಿಲೆ ಮರುಕಳಿಸಿದ್ದು ಹೆಚ್ಚು. ರೋಗಿ ‘ಆರಾಮಿದೀನಿ’ ಅಂತಿರುವಾಗಲೇ ಡಬ್ಬಿ ಬೇರೆ ಸಾಕ್ಷಿ ಹೇಳುತ್ತಿತ್ತು. ಐಬಿಡಿ, ಐಬಿಎಸ್ ಎರಡರ ನಡುವೆ ವ್ಯತ್ಯಾಸ ತಿಳಿಯಲು ಈ ಪರೀಕ್ಷೆ ಬಳಸಬಹುದು ಅಂತ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ಸಾಮಾನ್ಯವಾಗಿ ಗ್ರಾಮಿಗೆ 50 ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೆ ಐಬಿಡಿ ಇರುವ ಸಾಧ್ಯತೆ ಕಮ್ಮಿ. 2021ರಲ್ಲಿ ತಜ್ಞರು ಚಿಕಿತ್ಸೆಯ ಗುರಿಗಳಲ್ಲೇ ಇದನ್ನ ಸೇರಿಸಿದರು: ಮೊತ್ತ 100ರಿಂದ 250ರ ಮಟ್ಟಕ್ಕೆ ಇಳಿಯಬೇಕು.

ಹಾಗಂತ ರಿಪೋರ್ಟ್ ನೋಡಿ ಗೂಗಲ್ ಮಾಡಿಕೊಂಡು ಕೂರಬೇಡಿ. ಸಂಖ್ಯೆ ಉರಿಯೂತ ಇದೆ ಅನ್ನುತ್ತೆ, ಯಾಕೆ ಅನ್ನೋದಿಲ್ಲ. ಸೋಂಕಿನ ಭೇದಿಯಲ್ಲೂ ಏರುತ್ತೆ, ಬೆನ್ನುನೋವಿಗೆ ನುಂಗಿದ ಐಬುಪ್ರೊಫೆನ್‌ನಿಂದಲೂ ಏರಬಹುದು. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಕ್ರೋನ್ಸ್ ವೇಷದಲ್ಲೇ ಬರುತ್ತೆ. ಎರಡನ್ನೂ ಬೇರ್ಪಡಿಸೋದು ಈ ಸಂಖ್ಯೆಯೊಂದರ ಕೈಲಾಗದು. ತಪ್ಪು ತಿಳಿದು ಕ್ಷಯಕ್ಕೆ ಸ್ಟಿರಾಯ್ಡ್ ಕೊಟ್ಟರೆ ಅನಾಹುತವೇ. ಅಲ್ಲಿ ಕೊಲೊನೊಸ್ಕೋಪಿ, ಬಯಾಪ್ಸಿ ಬೇಕೇಬೇಕು.

ಇಷ್ಟೆಲ್ಲ ಆದರೂ 1955ರ ಆ ಹಳೇ ಪ್ರಶ್ನೆ ಹೋಗಿಲ್ಲ. ದಿನಕ್ಕೆ ಎಷ್ಟು ಸಲ? ರಕ್ತ ಹೋಗ್ತಾ ಇದೆಯಾ? ವಾರಗಟ್ಟಲೆ ಭೇದಿ, ಇಳಿಯುತ್ತಿರೋ ತೂಕ, ಮೀಟಿಂಗ್ ನಡುವೆ ಎದ್ದು ಓಡೋದು, ಇದನ್ನೆಲ್ಲ ‘ಹೊರಗಿನ ಊಟ, ಸ್ಟ್ರೆಸ್ಸು’ ಅಂತ ತಳ್ಳಿಹಾಕುವವರ ಕೈಗೆ ಆ ಡಬ್ಬಿ ಬರೋದೇ ಇಲ್ಲ. ನಾಚಿಕೆ ಬಿಟ್ಟು ಡಾಕ್ಟರ ಮುಂದೆ ಹೇಳಿ. ಅವರು ಇದಕ್ಕಿಂತ ಮುಜುಗರದ ಮಾತುಗಳನ್ನ ದಿನಾ ಕೇಳಿರ್ತಾರೆ.