ಸ್ಯಾಕ್ಸೊಫೋನು ಕಲಿತ ಮನೋಧರ್ಮ

ವಾಚಕರೆ, ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಗಾಡಿ ಹತ್ತಿದವರು ತಮ್ಮಲ್ಲಿ ಅನೇಕರಿರಬಹುದು. ಹಿಂದೆ ಬೌರಿಂಗ್‌ಪೇಟೆಯೆನಿಸಿದ್ದ ಈ ಊರಿನಿಂದ ಚಿನ್ನದ ಗಣಿಗಳಿಗೆ 1894ರಲ್ಲಿ ಹಾಕಿದ ಕವಲುದಾರಿ ಅದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಗಣಿಯೂರು ‘ಪುಟ್ಟ ಇಂಗ್ಲೆಂಡ್’ ಎನಿಸಿಕೊಂಡಿತು. ದೊರೆಗಳ ಕ್ಲಬ್ಬಿನ ಕುಣಿತಕ್ಕೆ ಬ್ಯಾಂಡು. ಕಾರ್ಮಿಕರ ಲೈನುಗಳಲ್ಲಿ ಅಮ್ಮನ ಜಾತ್ರೆಗೆ ನಾಗಸ್ವರ, ಡೋಲು. ಎರಡು ಕಡೆಯೂ ಊದುವ ವಾದ್ಯಗಳೇ. ನಡುವೆ ಇದ್ದುದು ಕ್ಲಬ್ಬಿನ ಬೇಲಿ.

ಆ ಬೇಲಿಯನ್ನು ದಾಟಿದವರನ್ನು ಕಾಣಲು ನಾವು ಗಣಿಯೂರನ್ನು ಬಿಟ್ಟು ದಕ್ಷಿಣ ಕನ್ನಡಕ್ಕೆ ಹೋಗಬೇಕು. ಅಲ್ಲಿ 1949ರಲ್ಲಿ ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತರು. ವಾದ್ಯವನ್ನೇ ಗಮಕಕ್ಕೆ ಒಗ್ಗಿಸಿಕೊಂಡರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕೆಯ ಜಾನ್ ಹ್ಯಾಂಡಿಯವರು ಇವರ ವಾದನವನ್ನು ಕೇಳಿ ಜೊತೆಗೆ ನುಡಿಸಿದರು.

ಜಾಝ್ ಎಂದರೆ ಕಟ್ಟಿಲ್ಲದ ಗದ್ದಲವೆಂದು ನಮ್ಮಲ್ಲಿ ಕೆಲವರ ಎಣಿಕೆ. ನನ್ನದೂ ಹಾಗೆಯೇ ಇತ್ತು. ಅವಧಾನಿಯು ಕೊಟ್ಟ ಸಮಸ್ಯೆಯನ್ನು ಛಂದಸ್ಸು ಕೆಡದಂತೆ ಆಗಿಂದಾಗಲೇ ತುಂಬುವುದಿಲ್ಲವೆ? ಜಾಝ್‌ನವರೂ ಮೊದಲೇ ಗೊತ್ತಾದ ಸ್ವರಮೇಳಗಳ ಆವರ್ತದೊಳಗೆ ಒಬ್ಬರಾದ ಮೇಲೊಬ್ಬರು ಕಲ್ಪನೆಯಿಂದ ಬೆಳೆಸುತ್ತಾರೆ. ಒಬ್ಬನ ಸರದಿಯಲ್ಲಿ ಉಳಿದವರಿಗೆ ಕಿವಿಯೇ ಮುಖ್ಯ. ಅವನು ಬಿಟ್ಟ ಎಳೆಯನ್ನು ಹಿಡಿಯದವನು ಎಷ್ಟು ಚೆನ್ನಾಗಿ ಊದಿದರೂ ಮೇಳಕ್ಕೆ ಸಲ್ಲ.

ಹೀಗೆ ಕಲಿತವರಲ್ಲೊಬ್ಬರು ರುದ್ರೇಶ ಮಹಂತಪ್ಪ. ಕನ್ನಡನಾಡಿನಿಂದ ವಲಸೆ ಹೋದ ಮನೆತನ. ತಂದೆ ಭೌತವಿಜ್ಞಾನದ ಪ್ರಾಧ್ಯಾಪಕರು. 1971ರಲ್ಲಿ ಹುಟ್ಟಿದ ಹುಡುಗ ಅಮೆರಿಕೆಯ ಕೊಲರಾಡೊದಲ್ಲಿ ಬೆಳೆದು, ಚಾರ್ಲಿ ಪಾರ್ಕರನ ವಾದನವನ್ನು ಕೇಳಿ ಜಾಝ್‌ಗೆ ಒಲಿದ. ಮೋರೆ ಕಂಡವರೆಲ್ಲ ಇವನಿಗೆ ಭಾರತೀಯ ಸಂಗೀತ ಬಂದೇ ಬರುತ್ತದೆಂದು ಭಾವಿಸುವರು, ಬಾರದು. ಬಾಸ್ಟನ್ನಿನ ಬರ್ಕ್ಲಿ ವಿದ್ಯಾಲಯದ ದಿನಗಳಲ್ಲಿ ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟ. ತಮ್ಮನು ನಗಲಿಲ್ಲ, ತನ್ನದೇ ವಾದ್ಯದಲ್ಲಿ ಇಂಥದೂ ಸಾಧ್ಯವೇ ಎಂದು ಬೆರಗಾದ. 2008ರಲ್ಲಿ ಆ ಗುರುಸಮಾನರ ಜೊತೆಯಲ್ಲೇ ‘ಕಿನ್ಸ್‌ಮೆನ್’, ಎಂದರೆ ‘ಬಂಧುಗಳು’, ಎಂಬ ಮುದ್ರಿಕೆಯನ್ನು ಮಾಡಿದರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ ಒಂದೆಡೆ. ಗಿಟಾರು, ಬಾಸ್, ಡ್ರಮ್ಮು ಇನ್ನೊಂದೆಡೆ. ಗೋಪಾಲನಾಥರು 2019ರಲ್ಲಿ ತೀರಿಕೊಂಡರು.

ಕನ್ನಡ ಮೇಷ್ಟ್ರಾದ ನನಗೆ ಹೆಚ್ಚು ಹತ್ತಿರವಾದದ್ದು ರುದ್ರೇಶರ 2004ರ ‘ಮದರ್ ಟಂಗ್’. ಭಾರತೀಯರನ್ನೆಲ್ಲ ಒಂದೇ ಭಾಷೆಯವರೆಂದುಕೊಂಡು ಕೇಳುವ ಪ್ರಶ್ನೆಗೆ ಜನರು ತಂತಮ್ಮ ನುಡಿಗಳಲ್ಲಿ ಕೊಟ್ಟ ಉತ್ತರಗಳ ಏರಿಳಿತವನ್ನೇ ರಾಗವಾಗಿಸಿದ್ದಾರೆ. ಅದರಲ್ಲೊಂದು ಕೃತಿಯ ಹೆಸರು ‘ಕನ್ನಡ’. ಹೆಸರು ಹೇಳದೆ ಅದನ್ನು ತರಗತಿಯಲ್ಲಿ ಕೇಳಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಯಾರೋ ಬೀದೀಲಿ ಜೋರಾಗಿ ಮಾತಾಡ್ತಿರೋ ಹಾಗಿದೆ ಸಾರ್” ಎಂದ.